ಅತ್ತಿಗೆಯ ಫೋನಿಗೆ ಬಂದ ಚಿತ್ರ

ಮೊದಲು ಬಲಗೈಯ ಕಿರುಬೆರಳು ಮರಗಟ್ಟಿತು, ಆಮೇಲೆ ಅದರ ಪಕ್ಕದ್ದು. ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿ ಪ್ರಯೋಜನವೂ ಇರಲಿಲ್ಲ. ಅಲ್ಲಿ ಒದ್ದೆ ಬಟ್ಟೆಯ ಗಾಡಿ ತಳ್ಳುವವನಿಗೆ ಸೊಂಟನೋವು, ಹರಿದ ಹಾಸುಗಳಿಗೆ ಹೊಲಿಗೆ ಹಾಕುವವಳಿಗೆ ಕಣ್ಣುರಿ, ಉಗಿಯಲ್ಲಿ ನಿಂತವರಿಗೆಲ್ಲ ಕೆಮ್ಮು. ಹತ್ತರ ಕೂಡ ಹನ್ನೊಂದು ಎಂದುಕೊಂಡು ಬೆರಳನ್ನು ಒಂದೆರಡು ಸಲ ಕೊಡವಿ ಮುಂದಿನ ದಿಂಬಿನ ಚೀಲ ಎತ್ತಿಕೊಳ್ಳುತ್ತಿದ್ದಳು.

ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನಿಗೆ ಹುಷಾರಿರುತ್ತಿರಲಿಲ್ಲ. ಅಮ್ಮ ಹುಷಾರಾಗಿದ್ದಾಗ ಮಾತು ಬರುತ್ತಿರಲಿಲ್ಲ. ಹಾಗೇ ವಯಸ್ಸು ಕಳೆದಿತ್ತು. ಈಗ ಅಮ್ಮನೂ ಇಲ್ಲ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಮಂಚ, ಒಂದು ಕುರ್ಚಿ. ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು, ಬಾಗಿಲು ತೆಗೆದು ಚಪ್ಪಲಿ ಬಿಡುವ ಮೊದಲೇ ಮಂಚದ ಮೇಲೆ ಕೂರುವುದು, ಇಷ್ಟೇ ಅವಳ ಸಂಜೆ.

ಒಂದು ದಿನ ಬೆಳಗ್ಗೆ ಮೇಜುಬಟ್ಟೆಯೊಂದನ್ನು ತೀಡುತ್ತಿದ್ದಾಗ ಇಸ್ತ್ರಿಪೆಟ್ಟಿಗೆ ಜಾರಿ ಕೆಳಗೆ ಬಿತ್ತು. ಜಾರಿದ್ದು ಅವಳ ಕೈಗೇ ಗೊತ್ತಾಗಲಿಲ್ಲ. ಸದ್ದು ಕೇಳಿ ಕೆಳಗೆ ನೋಡಿದಳು. ಪಾದದ ಪಕ್ಕದಲ್ಲೇ ಬಿದ್ದು ಬುಸ್ಸೆಂದು ಉಗಿ ಬಿಡುತ್ತಿತ್ತು.

ಮೇಲ್ವಿಚಾರಕ ಓಡಿ ಬಂದ. ಯಾರ ಜೊತೆ ಮಾತಾಡುವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂದೇ ಹೆಸರು.

"ಏನಕ್ಕಾ ಇದು? ಕಾಲ ಮೇಲೆ ಬಿದ್ದಿದ್ರೆ ನನ್ನ ತಲೆ ಮೇಲೆ ಬರ್ತಿತ್ತು."

"ಕೈ ಸ್ವಲ್ಪ ಜೋಮು ಹಿಡಿದಿತ್ತು ಅಷ್ಟೇ."

"ಅಷ್ಟೇ ಅಂದ್ರೆ ಆಗಲ್ಲ. ಡಾಕ್ಟರ ಚೀಟಿ ತಗೊಂಡು ಬನ್ನಿ. ಅಲ್ಲೀತನಕ ಪೆಟ್ಟಿಗೆ ಮುಟ್ಟಬೇಡಿ, ಟವೆಲ್ ಮಡಚ್ತಾ ಇರಿ."

ಡಾಕ್ಟರು ಅವಳ ಬೆರಳುಗಳನ್ನು ಸೂಜಿಯಿಂದ ಮುಟ್ಟಿ ಮುಟ್ಟಿ ನೋಡಿ, ತೊಂದರೆ ಕೈಯಲ್ಲಿಲ್ಲ, ಕತ್ತಿನಲ್ಲಿರಬಹುದು ಎಂದರು. ಎಂಆರ್‌ಐ ಬರೆದುಕೊಟ್ಟರು. ಆ ಕೊಳವೆಯೊಳಗೆ ಮಲಗಿದ್ದಷ್ಟು ಹೊತ್ತೂ ಯಾರೋ ತಲೆಯ ಪಕ್ಕದಲ್ಲಿ ತಗಡು ಬಡಿಯುತ್ತಿದ್ದಂತಿತ್ತು. ಬೇರೆಯವರು ಹೆದರುತ್ತಾರಂತೆ. ಇಸ್ತ್ರಿಯಕ್ಕನಿಗೆ ಅದರ ನಡುವೆಯೇ ನಿದ್ದೆ ಬಂತು. ಹಗಲು ಹೊತ್ತಿನಲ್ಲಿ ಮಲಗಿರಿ, ಅಲ್ಲಾಡಬೇಡಿ ಎಂದು ಅವಳಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ!

ಹೊರಗೆ ಬಂದಾಗ ಸ್ಕ್ಯಾನ್ ಮಾಡಿದವಳು ಹೇಳಿದಳು: "ರಿಪೋರ್ಟು, ಚಿತ್ರ ಎರಡೂ ಆನ್‌ಲೈನ್‌ನಲ್ಲಿ ಬರುತ್ತೆ ಅಮ್ಮ. ಫೋನಿಗೆ ಮೆಸೇಜ್ ಬಂದಾಗ ಅದರಲ್ಲಿರೋ ಲಿಂಕ್ ಒತ್ತಿ ನೋಡ್ಕೊಳ್ಳಿ."

"ನಾನು ನೋಡಿ ಏನ್ಮಾಡ್ಲಿ? ಡಾಕ್ಟರ ಹತ್ರ ಕೂತು ನೋಡೋದಲ್ವಾ?"

"ಡಾಕ್ಟರ್ ಸಿಗೋದು ಮುಂದಿನ ತಿಂಗಳು. ಅದಕ್ಕೆ ಮುಂಚೆ ನಿಮಗೇ ಗೊತ್ತಾಗಲಿ ಅಂತ ಈ ಅನುಕೂಲ."

ಮೆಸೇಜ್ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ವಾರವೂ ಮುಗಿಯುತ್ತ ಬಂತು. ಟವೆಲ್ ಮಡಚುವ ಮೇಜಿನ ಮೇಲೆ ಫೋನನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದಳು. ಅದು ಮಿನುಗಿದಾಗಲೆಲ್ಲ ಯಾರೋ ಏನೋ ಮಾರಲು ಬಂದಿರುತ್ತಿದ್ದರು. ಕೊನೆಗೆ ಹೊಲಿಗೆಯವಳಿಗೆ ಕನಿಕರ ಬಂತು. ಊಟದ ಹೊತ್ತಿನಲ್ಲಿ, ದಿಂಬಿನ ಚೀಲಗಳ ಗುಡ್ಡೆಯ ಹಿಂದೆ ಇಬ್ಬರೂ ಕೂತರು. ಹೊಲಿಗೆಯವಳು ಆಸ್ಪತ್ರೆಯ ಪುಟ ತೆರೆದು, ರೋಗಿಯ ಸಂಖ್ಯೆ ಹಾಕಿ, ಹುಟ್ಟಿದ ದಿನ ಹಾಕಿ, ಒತ್ತಿದಳು.

"ನೋಡು, ನಿನ್ನ ಫೋನಿಗೆ ಒಂದು ಕೋಡ್ ಕಳ್ಸಿದಾರಂತೆ. ಬಂತಾ?"

"ಇಲ್ವಲ್ಲ."

"ಕೊನೇಲಿ ಎರಡು ಏಳು ಇರೋ ನಂಬರ್‌ಗೆ ಅಂತಿದೆ. ನಿಂದು ಅದಲ್ವಾ?"

ಆ ಏಳೇಳು ಯಾರದೆಂದು ಇಸ್ತ್ರಿಯಕ್ಕನಿಗೆ ಗೊತ್ತಿತ್ತು. ಅಮ್ಮ ಅಣ್ಣನ ಮನೆಯಲ್ಲಿದ್ದ ಕಾಲದಲ್ಲಿ ತಾನು ದಿನಾ ಸಂಜೆ ಕರೆ ಮಾಡುತ್ತಿದ್ದ ನಂಬರು ಅದು. ಅತ್ತಿಗೆಯದು. ಹಿಂದೊಮ್ಮೆ ಇಸ್ತ್ರಿಯಕ್ಕ ಜ್ವರದಲ್ಲಿ ಎಚ್ಚರ ತಪ್ಪಿದ್ದಾಗ ಇದೇ ಆಸ್ಪತ್ರೆಗೆ ಸೇರಿಸಿದ್ದು ಅತ್ತಿಗೆ. ಆಗ ಇವಳ ಹತ್ತಿರ ಫೋನೂ ಇರಲಿಲ್ಲ. ಅತ್ತಿಗೆ ತನ್ನ ನಂಬರನ್ನೇ ಬರೆಸಿದ್ದಳು. ಅದು ಹಾಗೇ ಉಳಿದುಬಿಟ್ಟಿತ್ತು.

ಆ ಅತ್ತಿಗೆಯ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕೊನೆಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಅತ್ತಿಗೆ ಅವಳನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದಳು. ಅಲ್ಲಿ ಒಂದು ಚಳಿಗಾಲ ಕಳೆಯುವುದರೊಳಗೆ ಅಮ್ಮ ಹೋದಳು. ಹೆಣದ ಮುಂದೆ ನಿಂತು, ಹತ್ತು ಜನರೆದುರು, "ನಮ್ಮಮ್ಮನ್ನ ಕೊಂದಿದ್ದು ನೀವೇ" ಎಂದುಬಿಟ್ಟಿದ್ದಳು ಇಸ್ತ್ರಿಯಕ್ಕ. ಅಂದಿನಿಂದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಅಣ್ಣ ಮಾತ್ರ ಯಾವಾಗಲಾದರೂ ಬಂದು ಮೆಟ್ಟಿಲ ಬುಡದಲ್ಲೇ ನಿಂತು, "ಪುಟ್ಟೀ, ಚೆನ್ನಾಗಿದೀಯಾ?" ಎಂದು ಕೇಳಿ ಹೋಗುತ್ತಿದ್ದ.

ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಹೋದಳು. ಕೌಂಟರಿನಲ್ಲಿದ್ದವನು ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿಸಿಕೊಂಡ.

"ನಂಬರ್ ಬದಲಾಯಿಸಬಹುದಮ್ಮ. ಹಳೇ ನಂಬರ್‌ಗೆ ಒಂದು ಕೋಡ್ ಹೋಗುತ್ತೆ, ಅದನ್ನ ಹೇಳಿ."

"ಹಳೇ ನಂಬರ್ ನಂದಲ್ಲ ಅಂತಾನೇ ಬಂದಿರೋದಪ್ಪ ನಾನು. ಬೀಗದ ಕೈ ಒಳಗಿಟ್ಟು ಬೀಗ ಹಾಕ್ದಂಗಾಯ್ತಲ್ಲ."

"ನಿಯಮ ಅಮ್ಮ. ಯಾರ್ಯಾರೋ ಬಂದು ನಿಮ್ಮ ಚಿತ್ರ ನೋಡಬಾರದಲ್ಲ, ಅದಕ್ಕೆ."

"ಈಗ ಯಾರೋ ನೋಡೋ ಹಾಗೇ ಆಗಿದೆಯಲ್ಲಪ್ಪ."

"ಅದು ನಿಮ್ಮ ಮನೆಯವರದ್ದೇ ಅಂದ್ರಲ್ಲ."

"ಒಂದು ಕಾಗದದಲ್ಲಿ ಕೊಟ್ಟುಬಿಡು, ನಿನಗೆ ಪುಣ್ಯ ಬರುತ್ತೆ."

"ಕಾಗದ ನಿಲ್ಲಿಸಿ ಎರಡು ವರ್ಷ ಆಯ್ತಮ್ಮ," ಎಂದು ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಅವನ ಕಣ್ಣುಗಳೂ ಕೆಂಪಾಗಿದ್ದವು. ಬೆಳಗ್ಗೆಯಿಂದ ಎಷ್ಟು ಜನಕ್ಕೆ ಇದೇ ಮಾತು ಹೇಳಿದ್ದನೋ. ಜಗಳಕ್ಕೆ ಬಾಯಿ ತೆರೆದವಳು ಮುಚ್ಚಿಕೊಂಡಳು.

ಬಸ್ ನಿಲ್ದಾಣದಿಂದ ಅಣ್ಣನಿಗೆ ಕರೆ ಮಾಡಿದಳು. ಅವನು ಔಷಧದಂಗಡಿಗಳಿಗೆ ಸರಕು ಸಾಗಿಸುವ ವ್ಯಾನಿನ ಚಾಲಕ.

"ಅಣ್ಣಾ, ಅತ್ತಿಗೆ ಫೋನಿಗೆ ಆಸ್ಪತ್ರೆಯಿಂದ ಒಂದು ಕೋಡ್ ಬಂದಿರುತ್ತೆ. ಕೇಳಿ ನಂಗೆ ಹೇಳ್ತೀಯಾ?"

"ನಾನು ರಸ್ತೇಲಿದೀನಿ ಪುಟ್ಟಿ. ಮನೆಗೆ ಹೋಗಿ ಹೇಳ್ತೀನಿ."

"ಅದಕ್ಕೆ ಐದು ನಿಮಿಷದ ಆಯಸ್ಸಂತೆ. ಆಮೇಲೆ ಸತ್ತುಹೋಗುತ್ತೆ."

ವ್ಯಾನಿನ ಹಾರ್ನು ಕೇಳಿಸಿತು.

"ಹಂಗಾದ್ರೆ ನೀನೇ ಕೇಳಬೇಕಾಗುತ್ತೆ ಕಣೆ. ಅವಳೂ ಹದಿನೈದು ದಿನದಿಂದ ಏನೋ ಒಳಗೊಳಗೇ ಕುದೀತಾ ಇದಾಳೆ. ಕೇಳಿದ್ರೆ ನಂಗೆ ಹೇಳಲ್ಲ."

ಮಾರನೆಯ ದಿನ ಊಟದ ಹೊತ್ತಿನಲ್ಲಿ ಹೊಲಿಗೆಯವಳು ತನ್ನ ಫೋನಿನಲ್ಲಿ ಮತ್ತೆ ಆ ಪುಟ ತೆರೆದು ಗುಂಡಿ ಒತ್ತಿದಳು. ಇಸ್ತ್ರಿಯಕ್ಕ ತನ್ನ ಫೋನಿನಲ್ಲಿ ಅತ್ತಿಗೆಯ ನಂಬರು ಒತ್ತಿದಳು. ಎಡಗೈಯಿಂದ ಒತ್ತಿದ್ದರಿಂದ ಒಂದು ಸಲ ತಪ್ಪಿತು. ಎರಡನೇ ಸಲ ಮೊದಲ ರಿಂಗಿಗೇ ಆ ಕಡೆ ಎತ್ತಿದರು. ಇಬ್ಬರೂ ಹಲೋ ಎನ್ನಲಿಲ್ಲ.

"ಕೋಡ್ ಬಂತಾ?" ಇಸ್ತ್ರಿಯಕ್ಕ ಕೇಳಿದಳು.

"ಬಂತು. ಬರ್ಕೋ. ನಾಲ್ಕು. ಸೊನ್ನೆ. ಒಂಬತ್ತು. ಒಂಬತ್ತು. ಎರಡು. ಆರು."

ಇಸ್ತ್ರಿಯಕ್ಕ ಒಂದೊಂದನ್ನೇ ತಿರುಗಿ ಹೇಳಿದಳು, ಹೊಲಿಗೆಯವಳು ಒತ್ತಿದಳು. ಅಷ್ಟು ವರ್ಷಗಳ ಮೇಲೆ ಅತ್ತಿಗೆಯ ಬಾಯಿಂದ ಅವಳು ಕೇಳಿದ ಮೊದಲ ಮಾತು ಆ ಅಂಕಿಗಳು. ದನಿ ಸ್ವಲ್ಪ ಒಡೆದಿತ್ತು, ವಯಸ್ಸಾದವರ ದನಿಯಂತೆ.

"ಪುಟ್ಟೀ, ಇಡಬೇಡ. ಒಂದು ಮಾತು ಕೇಳು. ನಾನದನ್ನ ನೋಡಿಬಿಟ್ಟಿದೀನಿ."

"ಹೆಂಗೆ ನೋಡಿದ್ರಿ?"

"ಮೆಸೇಜ್ ಬಂತು, ಒತ್ತಿದೆ. ಹುಟ್ಟಿದ ದಿನ ಕೇಳ್ತು. ನಿನ್ನ ಹುಟ್ಟಿದ ದಿನ ಗೊತ್ತಿಲ್ವಾ ನಂಗೆ? ನಿನ್ನ ಹೆರೋವಾಗ ಎಷ್ಟು ಒದ್ದಾಡಿದ್ರು ಅಂತ ಅತ್ತೆ ಪ್ರತಿ ವರ್ಷ ಅವತ್ತಿನ ದಿನ ಪುರಾಣ ತೆಗೀತಿದ್ರಲ್ಲ."

"ನನ್ನ ಕತ್ತಿನೊಳಗೂ ನೀವೇ ಇಣುಕಬೇಕಿತ್ತಾ?" ಎಂದಳು ಇಸ್ತ್ರಿಯಕ್ಕ. ಮಾತು ಚುಚ್ಚುವ ಹಾಗೇ ಹೊರಟಿತ್ತು, ಆದರೆ ಬಾಯಿಗೆ ಬರುವಷ್ಟರಲ್ಲಿ ಮೊಂಡಾಗಿತ್ತು.

"ಬೈಯಿ. ಆದ್ರೆ ಒಬ್ಬಳೇ ಕೂತು ಓದಬೇಡ. ಸಂಜೆ ನಾನು ಬರ್ತೀನಿ."

"ಬರೋದು ಬೇಡ."

ಫೋನು ಇಟ್ಟಳು. ಹೊಲಿಗೆಯವಳ ಕೈಯಲ್ಲಿದ್ದ ಪರದೆಯ ಮೇಲೆ ರಿಪೋರ್ಟು ತೆರೆದುಕೊಂಡಿತ್ತು. ಹೊಲಿಗೆಯವಳು ಓದಲು ಹೊರಟು ತಡೆದುಕೊಂಡಳು. "ಸಂಜೆಗೇ ನೋಡು," ಎಂದು ಪುಟ ಮುಚ್ಚಿ, ಇಸ್ತ್ರಿಯಕ್ಕನ ಫೋನಿನಲ್ಲಿ ಅದನ್ನು ತೆರೆಯುವುದು ಹೇಗೆಂದು ತೋರಿಸಿಕೊಟ್ಟಳು. ಒಮ್ಮೆ ಒಳಗೆ ಹೋದ ಮೇಲೆ ಆ ದಿನವೆಲ್ಲ ಕೋಡ್ ಬೇಡವಂತೆ.

ಬೇಡ ಎಂದಿದ್ದರೂ ಅತ್ತಿಗೆ ಬಂದಳು. ಮೆಟ್ಟಿಲಲ್ಲಿ ಏದುಸಿರು ಕೇಳಿಯೇ ಇಸ್ತ್ರಿಯಕ್ಕನಿಗೆ ಗೊತ್ತಾಯಿತು. ಬಾಗಿಲು ತೆಗೆದಾಗ ಅತ್ತಿಗೆ ಗೋಡೆಗೆ ಕೈಕೊಟ್ಟು ನಿಂತಿದ್ದಳು. ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಒಂದು ಮಂಡಿಗೆ ಪಟ್ಟಿ ಕಟ್ಟಿದ್ದಳು.

"ನೀರು ಕೊಡ್ಲಾ?"

"ಮೊದಲು ಕೂರ್ತೀನಿ. ಇನ್ನೂ ಎತ್ತರದ ಮನೆ ಸಿಗಲಿಲ್ವಾ ನಿಂಗೆ?"

ಇದ್ದ ಒಂದು ಕುರ್ಚಿಯಲ್ಲಿ ಅತ್ತಿಗೆ ಕೂತಳು. ಮಂಚದ ಅಂಚಿನಲ್ಲಿ ಇವಳು. ರಿಪೋರ್ಟು ಡಾಕ್ಟರ ಭಾಷೆಯಲ್ಲಿತ್ತು. ಅದರಲ್ಲಿ ಇಬ್ಬರಿಗೂ ಅರ್ಥವಾದದ್ದು 'ಗಡ್ಡೆ' ಎಂಬ ಒಂದೇ ಮಾತು. ಉಳಿದ ಸಾಲುಗಳೆಲ್ಲ ಆ ಒಂದು ಮಾತಿನ ಸುತ್ತ ಕೈಕಟ್ಟಿ ನಿಂತಿದ್ದವು. ಅತ್ತಿಗೆ ಆ ಹದಿನೈದು ದಿನ ಇಂಟರ್ನೆಟ್ಟಿನಲ್ಲಿ ಹುಡುಕಿದ್ದಳಂತೆ. "ಅಲ್ಲಿ ತಲೆನೋವು ಅಂತ ಹಾಕಿದ್ರೂ ಸಾವು ಅಂತಾನೇ ಬರುತ್ತೆ. ನೀನು ಹುಡುಕಬೇಡ, ನಾನೇ ಎಲ್ಲಾ ಓದಿ ಸತ್ತಿದೀನಿ."

"ಹದಿನೈದು ದಿನ ಗೊತ್ತಿತ್ತು. ಒಂದು ಕರೆ ಮಾಡೋಕಾಗ್ಲಿಲ್ವಾ?"

"ಏನಂತ ಮಾಡ್ಲಿ? ನಿಮ್ಮಮ್ಮನ್ನ ಕೊಂದವಳು ಕರೆ ಮಾಡಿದೀನಿ, ನಿಂಗೂ ಗಡ್ಡೆ ಇದೆಯಂತೆ ಅನ್ಲಾ?"

ಇಸ್ತ್ರಿಯಕ್ಕ ಫೋನನ್ನು ಅತ್ತಿಗೆಯ ಕಡೆ ಚಾಚಿದಳು. "ಚಿತ್ರ ಎಲ್ಲಿದೆ ಇದರಲ್ಲಿ?" ಎಂದಳು.

ಅತ್ತಿಗೆ ಫೋನು ತೆಗೆದುಕೊಂಡು ಎಲ್ಲೋ ಒತ್ತಿದಳು. ಕಪ್ಪು ಹಿನ್ನೆಲೆಯಲ್ಲಿ ಬೂದುಬಣ್ಣದ ಚಿತ್ರ ಎದ್ದು ಬಂತು. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಒಂದರ ಹಿಂದೆ ಒಂದು ಬರುತ್ತಿದ್ದವು, ಕತ್ತನ್ನು ತೆಳುವಾಗಿ ಸೀಳಿ ಜೋಡಿಸಿದ ಹಾಗೆ. ಒಂದರ ಮೇಲೊಂದು ಇಟ್ಟ ಬಿಲ್ಲೆಗಳಂಥ ಎಲುಬುಗಳು, ಅವುಗಳ ಹಿಂದೆ ಬಿಳಿಯ ಹಗ್ಗದಂಥದ್ದು, ಆ ಹಗ್ಗವನ್ನು ಒಂದು ಕಡೆಯಿಂದ ಒತ್ತಿಕೊಂಡು ಕೂತ ಹುಣಿಸೆಬೀಜದಷ್ಟು ಏನೋ.

"ಅದೇ," ಎಂದಳು ಅತ್ತಿಗೆ.

ಇಷ್ಟು ಚಿಕ್ಕದೇ ಎನ್ನಿಸಿತು ಇಸ್ತ್ರಿಯಕ್ಕನಿಗೆ. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಈ ಕಾಳಿಗಾಗಿ ಇನ್ನೆಷ್ಟು ಸಾಲುಗಳಲ್ಲಿ ನಿಲ್ಲಬೇಕೋ, ಎಷ್ಟು ರಜೆ ಕೇಳಬೇಕೋ ಎಂಬ ಯೋಚನೆ ಮಾತ್ರ ಬಂತು.

ಅತ್ತಿಗೆ ಇನ್ನೊಂದು ಸಲ ತಳ್ಳಿದಳು. "ಇದನ್ನ ನೋಡು."

ಆ ಚಿತ್ರದಲ್ಲಿ ಮುಖದ ಕೆಳಗಿನ ಅರ್ಧ ಪಕ್ಕದಿಂದ ಕಾಣುತ್ತಿತ್ತು. ತುಟಿ, ನಾಲಿಗೆ, ಗದ್ದ. ತುಸು ಮುಂದಕ್ಕೆ ಬಂದು ಮೇಲಕ್ಕೆ ತಿರುಗಿದ, ಹಟಮಾರಿ ಗದ್ದ.

"ಅಮ್ಮ," ಎಂದಳು ಇಸ್ತ್ರಿಯಕ್ಕ.

"ಹೂಂ. ಅತ್ತೆಯದೇ. ಮೊದಲ ದಿನ ಇದನ್ನ ನೋಡಿದ ಕೂಡ್ಲೇ ಗೊತ್ತಾಯ್ತು ನಂಗೆ. ಊಟ ಬೇಡ ಅಂತ ಬಾಯಿ ಮುಚ್ಕೊಂಡಾಗ ಹಿಂಗೇ ಇರ್ತಿತ್ತಲ್ಲ. ಫೋನ್ ಮುಚ್ಚಿ ಇಟ್ಟೆ, ಮತ್ತೆ ತೆಗೆದು ನೋಡಿದೆ. ನಿನ್ನ ಗದ್ದ ಹಿಂಗಿದೆ ಅಂತ ಇಷ್ಟು ವರ್ಷ ನಂಗೆ ಗೊತ್ತೇ ಆಗಿರಲಿಲ್ಲ."

ಇಬ್ಬರೂ ಆ ಚಿತ್ರವನ್ನೇ ನೋಡುತ್ತಿದ್ದರು. ಪರದೆ ತಾನಾಗಿ ಮಂಕಾಯಿತು. ಅತ್ತಿಗೆ ಒಮ್ಮೆ ಮುಟ್ಟಿ ಅದನ್ನು ಎಚ್ಚರಿಸಿದಳು.

"ನನ್ನ ಕೈಲಿ ಎತ್ತೋಕಾಗ್ತಿರಲಿಲ್ಲ ಪುಟ್ಟಿ," ಎಂದಳು. "ನಿಮ್ಮಣ್ಣ ವ್ಯಾನ್ ಹತ್ತಿದ್ರೆ ಸಂಜೆಗೇ ಬರ್ತಿದ್ದಿದ್ದು. ಎರಡು ಸಲ ಅತ್ತೇನ ಬಚ್ಚಲಲ್ಲಿ ಬೀಳಿಸಿದೀನಿ. ನಿಂಗೆ ಹೇಳಿರಲಿಲ್ಲ. ಮೂರನೇ ಸಲ ಬೀಳಿಸೋ ಧೈರ್ಯ ಇರಲಿಲ್ಲ, ಅದಕ್ಕೆ ಸೇರಿಸಿದೆ."

"ಹೇಳಿದ್ರೆ ನಾನು ಬರ್ತಿದ್ದೆ."

"ಕೆಲಸ ಬಿಟ್ಟಾ?"

ಬಿಡುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕ್ಷಮಿಸಿ ಎಂದು ಇವಳು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ. ಹಗೆ ಸಾಧಿಸಲಿಕ್ಕೂ ಮೈಯಲ್ಲಿ ಕಸುವು ಬೇಕು. ಅದು ಇಬ್ಬರಲ್ಲೂ ಉಳಿದಿರಲಿಲ್ಲ. "ಚಹಾ ಮಾಡ್ತೀನಿ," ಎಂದು ಇಸ್ತ್ರಿಯಕ್ಕ ಎದ್ದಾಗ ಅತ್ತಿಗೆ, "ಕೂತ್ಕೋ, ಆ ಕೈಲಿ ಬಿಸಿನೀರು ಹಿಡೀಬೇಡ," ಎಂದು ತಾನೇ ಎದ್ದಳು. ಮಂಡಿ ಲಟಕ್ಕೆಂದಿತು.

ಡಾಕ್ಟರ ಭೇಟಿಗೆ ಇನ್ನೂ ಮೂರು ವಾರವಿತ್ತು. ಅತ್ತಿಗೆ ದಿನಾ ಬೆಳಗ್ಗೆ ಆಸ್ಪತ್ರೆಗೆ ಕರೆ ಮಾಡಿ, ಯಾರಾದರೂ ಬರಲಿಲ್ಲವೇ, ಯಾರದಾದರೂ ರದ್ದಾಯಿತೇ ಎಂದು ಕೇಳತೊಡಗಿದಳು. ಕಲ್ಲು ಕರಗುವವರೆಗೆ ಕೇಳುವ ಜಾತಿ ಅವಳದು. ನಾಲ್ಕನೇ ದಿನ ಆ ಕಡೆಯವರಿಗೇ ಸಾಕಾಗಿ ನಾಳೆಯೇ ಬನ್ನಿ ಎಂದರು.

ಡಾಕ್ಟರು ತಮ್ಮ ದೊಡ್ಡ ಪರದೆಯ ಮೇಲೆ ಅದೇ ಚಿತ್ರಗಳನ್ನು ತೆರೆದರು. "ಇವನ್ನ ಮನೇಲೇ ನೋಡಿದೀರಿ ಅಲ್ವಾ? ತುಂಬಾ ಹೆದರಿರಬೇಕು."

"ಹೆದರೋಕೂ ಸುಸ್ತು ಡಾಕ್ಟ್ರೇ," ಎಂದಳು ಇಸ್ತ್ರಿಯಕ್ಕ.

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಅವಳ ಮುಖ ನೋಡಿದರು. ನಿಧಾನವಾಗಿ ವಿವರಿಸಿದರು: ಇದು ನರದ ಹೊದಿಕೆಯ ಮೇಲೆ ಬೆಳೆದ ಗಂಟು, ಇಂಥವು ಬಹುಪಾಲು ಕೆಟ್ಟವಲ್ಲ, ಆದರೆ ಇರುವ ಜಾಗ ಕೆಟ್ಟದ್ದು. ತೆಗೆಯಲೇಬೇಕು. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಖಚಿತವಾಗಿ ಹೇಳಬಹುದು.

"ಬೆರಳು ಸರಿಹೋಗ್ತವಾ?" ಅತ್ತಿಗೆ ಕೇಳಿದಳು.

"ಸ್ವಲ್ಪ ಬೇಗ ಬಂದಿದ್ರೆ ಹೌದು ಅಂತಿದ್ದೆ. ಈಗ ನೋಡೋಣ ಅಂತೀನಿ."

ಹೊರಡುವಾಗ ಕೌಂಟರಿನಲ್ಲಿ ನಂಬರು ಬದಲಾಯಿಸಿದರು. ಹಳೇ ನಂಬರಿಗೆ ಕೋಡ್ ಬಂತು, ಅತ್ತಿಗೆ ಓದಿ ಹೇಳಿದಳು, ಕೌಂಟರಿನವನು ಒತ್ತಿದ. ಅಷ್ಟೇ ಕೆಲಸ. ಇಷ್ಟಕ್ಕೆ ಅಷ್ಟು ದಿನ ಬೇಕಾಯಿತೇ ಎಂದು ಇಬ್ಬರೂ ಅಂದುಕೊಂಡರು.

ಶಸ್ತ್ರಚಿಕಿತ್ಸೆ ಆಯಿತು. ಕತ್ತಿಗೆ ಪಟ್ಟಿ ಹಾಕಿ, ನೇರವಾಗಿ ಮಲಗಿಸಿದ್ದರು. ಅತ್ತಿಗೆ ಬೆಳಗ್ಗೆ ಬಂದು ಸಂಜೆಯವರೆಗೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಇಸ್ತ್ರಿಯಕ್ಕನಿಗೆ ನಿದ್ದೆ ಹತ್ತಿದ್ದಾಗ ಅವಳ ಫೋನು ಮಿನುಗಿತು. ಗಂಟಿನ ಪರೀಕ್ಷೆಯ ರಿಪೋರ್ಟು ಬಂದಿದೆ ಎಂಬ ಸುದ್ದಿ. ಅತ್ತಿಗೆ ಅದನ್ನು ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇವಳಿಗೆ ಎಚ್ಚರವಾದಾಗ, "ಬಂದಿದೆ. ನಾನು ನೋಡಿಲ್ಲ," ಎಂದಳು.

"ನೋಡಿ ಅತ್ತಿಗೆ. ನಂಗೆ ಕತ್ತು ಎತ್ತೋಕಾಗಲ್ಲ."

ಅತ್ತಿಗೆ ಕನ್ನಡಕ ಸಿಕ್ಕಿಸಿಕೊಂಡು ತುಟಿ ಅಲ್ಲಾಡಿಸುತ್ತ ಓದಿದಳು. ಒಮ್ಮೆ ಓದಿ, ಇನ್ನೊಮ್ಮೆ ಓದಿದಳು. ಎದ್ದು ಹೋಗಿ ನರ್ಸನ್ನು ಕರೆತಂದು ಅವಳಿಂದಲೂ ಓದಿಸಿದಳು. ಕೆಟ್ಟದ್ದಲ್ಲ ಎಂದು ನರ್ಸು ಹೇಳಿದ ಮೇಲೆ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿದಳು. ಇಸ್ತ್ರಿಯಕ್ಕ ಚಾವಣಿ ನೋಡುತ್ತ, "ಸರಿ ಬಿಡಿ," ಎಂದು ಮತ್ತೆ ಕಣ್ಣು ಮುಚ್ಚಿದಳು. ಸಂತೋಷಕ್ಕೆ ಬೇಕಾದ ತ್ರಾಣ ಇನ್ನೂ ಬಂದಿರಲಿಲ್ಲ.

ಕಿರುಬೆರಳಿಗೆ ಸ್ಪರ್ಶ ತಿರುಗಿ ಬರಲೇ ಇಲ್ಲ. ಪಕ್ಕದ ಬೆರಳಿಗೆ ಅರ್ಧ ಬಂತು. ಇಸ್ತ್ರಿಪೆಟ್ಟಿಗೆ ಹಿಡಿಯುವ ಹಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಗಡಿಯಾರ ಆ ಚೀಟಿ ಓದಿ, ಮಣಿಕಟ್ಟು ನೋಡಿಕೊಂಡು, ಒಗೆದ ಬಟ್ಟೆ ಜೋಡಿಸಿಡುವ ಕೋಣೆಗೆ ಅವಳನ್ನು ಹಾಕಿದ. ಅಲ್ಲಿ ಉಗಿ ಇಲ್ಲ; ಕೂರಲಿಕ್ಕೆ ಒಂದು ಸ್ಟೂಲು ಇದೆ. ಹೊಸಬರು ಅವಳನ್ನು ಇಸ್ತ್ರಿಯಕ್ಕ ಎಂದು ಯಾಕೆ ಕರೆಯುತ್ತಾರೆಂದು ತಿಳಿಯದೆ ತಾವೂ ಹಾಗೇ ಕರೆಯುತ್ತಾರೆ.

ರಜೆಯ ದಿನ ಒಮ್ಮೊಮ್ಮೆ ಅಣ್ಣನ ಮನೆಗೆ ಹೋಗುತ್ತಾಳೆ. ಅತ್ತಿಗೆ ನಾದಿನಿಯರ ನಡುವೆ ಈಗಲೂ ಸಣ್ಣಪುಟ್ಟದಕ್ಕೆ ಕಿಡಿ ಹಾರುತ್ತದೆ. ಕಿಟಕಿ ತೆಗೆಯುವುದೋ ಮುಚ್ಚುವುದೋ, ಅಮ್ಮನ ಹಳೆಯ ಕಂಬಳಿ ಯಾರ ಹತ್ತಿರ ಇರಬೇಕೋ, ಇಂಥವು. ಹೋದ ಸಲ ಹೋದಾಗ ಅಣ್ಣ ಇಬ್ಬರ ಮಧ್ಯೆ ಕೂತು ಊಟ ಮಾಡಿದವನು, ಅವರ ವಾದ ನಡೆದಿರುವಾಗಲೇ ಕುರ್ಚಿಯಲ್ಲಿ ತಲೆ ವಾಲಿಸಿ ಬಾಯಿ ತೆರೆದು ನಿದ್ದೆಹೋದ.

"ನೋಡಿವರನ್ನ," ಎಂದಳು ಅತ್ತಿಗೆ. "ಇವರಿಗೂ ಒಂದು ಸ್ಕ್ಯಾನ್ ಮಾಡಿಸಬೇಕು. ಒಳಗೆ ಏನಾದ್ರೂ ಇದೆಯೋ ಇಲ್ವೋ ಅಂತ."

"ಏನೂ ಸಿಗಲ್ಲ ಬಿಡಿ. ಸುಮ್ನೆ ಆ ಕೊಳವೇಲಿ ಗೊರಕೆ ಹೊಡೀತಾನೆ."

ಇಬ್ಬರೂ ದನಿ ತಗ್ಗಿಸಿ ನಕ್ಕರು. ಅಣ್ಣನಿಗೆ ಎಚ್ಚರವಾಗದಂತೆ ಅತ್ತಿಗೆ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಇಸ್ತ್ರಿಯಕ್ಕ ಎಡಗೈಯಲ್ಲಿ ಮೇಜು ಒರೆಸಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು.